ಗಾಜಿಗೆ ತಂಬಾಕು

ನನ್ನ ಮಾವನವರ ಬಲಗೈ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಸಾಬೂನು, ಹುಣಸೆಹಣ್ಣು, ಸೀಗೆಪುಡಿ, ಯಾವುದಕ್ಕೂ ಆ ಕಲೆ ಬಿಡುತ್ತಿರಲಿಲ್ಲ. ಮುಂಜಾನೆ ಲಿಂಗಪೂಜೆಗೆ ಕುಳಿತು ಅದೇ ಬೆರಳುಗಳಿಂದ ಹಣೆಗೆ ವಿಭೂತಿ ಎಳೆದುಕೊಳ್ಳುವಾಗ ಅವು ಇನ್ನಷ್ಟು ಕಂದಾಗಿ ಕಾಣುತ್ತಿದ್ದವು. ಬೆಳಗಾವಿಯಲ್ಲಿ ಅವರದು ತಂಬಾಕಿನ ವ್ಯಾಪಾರ. ಜನ್ಮದಲ್ಲಿ ಒಂದು ಎಸಳು ಬಾಯಿಗೆ ಹಾಕಿದವರಲ್ಲ. ಆದರೂ ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಬಟ್ಟೆಚೀಲದ ತುಂಬ ತಂಬಾಕು ಇದ್ದೇ ಇರುತ್ತಿತ್ತು. ಅದು ಕಾರಿನ ಮುಂದಿನ ಗಾಜಿಗೆ. ವೈಪರು ಕೈಕೊಟ್ಟಾಗ ನೆನೆಸಿದ ತಂಬಾಕನ್ನು ಗಾಜಿಗೆ ತಿಕ್ಕಿದರೆ ಮಳೆನೀರು ಹನಿಹನಿಯಾಗಿ ನಿಲ್ಲದೆ ಜಾರಿ ಹೋಗುತ್ತದೆ. ಆ ಕಾಲದಲ್ಲಿ ಕಾರು, ಲಾರಿ ಓಡಿಸುವ ಎಲ್ಲರಿಗೂ ಗೊತ್ತಿದ್ದ ಉಪಾಯ ಇದು. ಆದರೆ ಮಳೆಗಾಲದಲ್ಲಿ ಕಾರನ್ನು ಹೊರಗೇ ತೆಗೆಯದ ಮನುಷ್ಯನ ಕಿಸೆಯಲ್ಲಿ ಗಾಜಿಗೆ ತಿಕ್ಕುವ ತಂಬಾಕು ಯಾಕೆ? ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ನಾನು ಟಿಳಕವಾಡಿಯ ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅತ್ತೆ ಅಷ್ಟರಲ್ಲೇ ತೀರಿಕೊಂಡಿದ್ದರು. ಮಾವ, ನನ್ನ ಗಂಡ, ನಾನು, ಮತ್ತು ಅಂಗಳದ ತಗಡಿನ ಶೆಡ್ಡಿನಲ್ಲಿ ಒಂದು ಕರಿಯ ಕಾರು. ಮನೆಯ ನಾಲ್ಕನೆಯ ಜೀವ ಎನ್ನಬಹುದಿತ್ತು, ಆದರೆ ಉಳಿದ ಮೂವರಿಗೆ ಅಷ್ಟು ಉಪಚಾರ ನಡೆಯುತ್ತಿರಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಹೂಡುತ್ತಲೇ ಮಾವನವರು ಜ್ಯಾಕು ಹಚ್ಚಿ ಕಾರನ್ನು ಎತ್ತಿ, ಅಚ್ಚಿನ ಕೆಳಗೆ ಕಲ್ಲು ಕೊಟ್ಟು, ಗಾಲಿ ನೆಲಕ್ಕೆ ತಾಗದಂತೆ ನಿಲ್ಲಿಸಿಬಿಡುತ್ತಿದ್ದರು. ಬಾನೆಟ್ಟಿನ ಮೇಲೆ ಕಂಬಳಿ. ಬ್ಯಾಟರಿ ಬಿಚ್ಚಿ, ಗೋಣಿಚೀಲ ಸುತ್ತಿ, ಬಚ್ಚಲೊಲೆಯ ಹತ್ತಿರದ ಕಟ್ಟೆಯ ಮೇಲೆ. ಇಡೀ ಮನೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ನನ್ನ ಒದ್ದೆ ಸೀರೆ ಅಲ್ಲಿ ಹರವಲು ಹೋದರೆ, "ಏ, ಅಲ್ಲಿ ಬ್ಯಾಡ, ಬ್ಯಾಟರಿಗೆ ಪಸಿ ತಾಗತೈತಿ" ಎಂದು ಗದರುತ್ತಿದ್ದರು. ಕಾರು ಕಲ್ಲಿನಿಂದ ಇಳಿಯುವುದು ದಸರೆಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ. ಅಲ್ಲಿಯ ತನಕ ನಾವೆಲ್ಲ ಕೊಡೆ ಹಿಡಿದು ತೊಯ್ಯಬೇಕು, ಕಾರು ಮಾತ್ರ ಒಣಗಿರಬೇಕು.

ಬೆಳಗಾವಿಯ ಮಳೆ ಬಂದು ಹೋಗುವ ಮಳೆಯಲ್ಲ, ಬಂದು ಕೂರುವ ಮಳೆ. ಖಾನಾಪುರದ ಕಡೆಗೆ ಹೋದಷ್ಟೂ ಅದರ ಸೊಕ್ಕು ಜಾಸ್ತಿ. ನಾನು ದಿನಾ ಹೋಗಬೇಕಾದದ್ದು ಆ ಕಡೆಗೇ. ಖಾನಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರೈಲು ಶಾಲೆಯ ವೇಳೆಗೆ ಹೊಂದುತ್ತಿರಲಿಲ್ಲ, ಬಸ್ಸು ಮಳೆಗೆ ಹೊಂದುತ್ತಿರಲಿಲ್ಲ. ಒಂದು ದಿನ ಮಚ್ಛೆಯ ಹತ್ತಿರ ನಿಂತರೆ ಇನ್ನೊಂದು ದಿನ ದೇಸೂರಿನಲ್ಲಿ. ಕಿಟಕಿಗೆ ಗಾಜಿಲ್ಲ, ಪರದೆ ಹರಿದಿದೆ, ಬಲಗಡೆ ಕೂತರೆ ಬಲಗಡೆ ತೋಯುವುದು, ಎಡಗಡೆ ಕೂತರೆ ಎಡಗಡೆ. ತಡವಾಗಿ ಹೋಗಿ ಹೋಗಿ ಹೆಡ್‌ಮಾಸ್ತರರ ಮುಖ ಸಿಂಡರಿಸುವುದು ಕಾಯಂ ಆಯಿತೇ ಹೊರತು ನನ್ನ ಕೆಲಸ ಆಗಲಿಲ್ಲ. ಕೊನೆಗೆ ಅವರು ಕರೆದು ಹೇಳಿಯೇಬಿಟ್ಟರು. ಆಡಳಿತ ಮಂಡಳಿಯವರು ನನ್ನ ಪಾಠ ಕೇಳಲು ಬರುತ್ತಾರೆ, ಅವತ್ತೂ ತಡವಾದರೆ ಈ ಶಾಲೆಯನ್ನು ಮರೆತುಬಿಡಬೇಕು.

ನನ್ನ ಗಂಡನಿಗೆ ಹೇಳಿದೆ. ಅವರ ಆಫೀಸು ಸ್ಕೂಟರಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟು ದೂರ. "ಬಿಟ್ಟಬಿಡು ಅತ್ಲಾಗ. ನೀ ಹೋಗಲಿಲ್ಲಂದ್ರ ಖಾನಾಪುರದ ಸಾಲಿ ಮುಳುಗಿ ಹೋಗತೈತೇನ?" ಎಂದು ರೇನ್‌ಕೋಟಿನ ಗುಂಡಿ ಹಾಕಿಕೊಂಡು ಹೊರಟರು. ಓದಿ, ಒದ್ದಾಡಿ ಗಳಿಸಿದ ಕೆಲಸ ಅದು. ಮದುವೆಗೆ ಮುಂಚೆಯೇ ನಾನು ಹಾಕಿದ್ದ ಒಂದೇ ಒಂದು ಷರತ್ತು ಅದನ್ನು ಬಿಡುವುದಿಲ್ಲ ಎಂಬುದು. ರೇನ್‌ಕೋಟಿನ ಗುಂಡಿ ಹಾಕುವಷ್ಟು ಹೊತ್ತಿನಲ್ಲಿ ಅದನ್ನು ಬಿಟ್ಟುಬಿಡು ಎಂದವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ದಿನ ಬಂತು. ಆಷಾಢದ ಮುಂಜಾನೆ, ಆಕಾಶ ಹರಿದುಕೊಂಡು ಬೀಳುತ್ತಿತ್ತು. ಸ್ಟ್ಯಾಂಡಿಗೆ ಹೋದರೆ ಖಾನಾಪುರದ ಬಸ್ಸೇ ಬರಲಿಲ್ಲ. ತೊಪ್ಪೆಯಾಗಿ ಮನೆಗೆ ಬಂದೆ. ಮಾವ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಕಾರು ತೆಗೆಯಿರಿ ಎಂದು ಬೇಡಿಕೊಂಡೆ.

"ಮಳಿಗಾಲದಾಗ ಗಾಡಿ ಇಳಸಂಗಿಲ್ಲ. ನಿನಗ ಗೊತ್ತಿಲ್ಲೇನ?"

ಅಲ್ಲಿಯವರೆಗೆ ಅವರೆದುರು ನಾನು ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ. ಅವತ್ತು ಕಿರುಚಿದೆ. "ಅದೇನ ಕಾರೋ ದೇವರೋ? ಕಲ್ಲಿನ ಮ್ಯಾಲ ಕುಂದರಿಸಿ ಪೂಜಿ ಮಾಡಾಕ? ಮಳ್ಯಾಗ ಬರಲಾರದ ಗಾಡಿ ಬ್ಯಾಸಿಗ್ಯಾಗ ಯಾರಿಗೆ ಬೇಕ್ರಿ? ನನ್ನ ಕೆಲಸಾ ಹ್ವಾದ್ರ ಈ ಮನ್ಯಾಗ ಒಬ್ಬರಿಗೂ ಏನೂ ಅನಸಂಗಿಲ್ಲ!"

ಬೈಯುತ್ತಾರೆ ಎಂದುಕೊಂಡೆ. ಅವರಿಗೆ ಬೈಗುಳ ಉಸಿರಿನಷ್ಟು ಸಲೀಸು. ಆದರೆ ಬಸಿಯಲ್ಲಿದ್ದ ಚಹಾ ಬಿಟ್ಟು ಎದ್ದು ಶೆಡ್ಡಿಗೆ ಹೋದರು. ಕಲ್ಲು ತೆಗೆದರು. ಬ್ಯಾಟರಿಯನ್ನು ಎದೆಗವಚಿಕೊಂಡು ಬಂದು ಕೂರಿಸಿದರು. "ಹಿಂದ ಕುಂದರಬ್ಯಾಡ. ಮುಂದ ಕುಂದರು" ಎಂದರು. ಮಾವನ ಪಕ್ಕದ ಸೀಟಿನಲ್ಲಿ ಸೊಸೆ ಕೂರುವುದು ಆಗ ನಡೆಯುವ ಮಾತಲ್ಲ. ಯಾಕೆಂದು ಕೇಳುವಷ್ಟು ಪುರಸೊತ್ತು ನನಗಿರಲಿಲ್ಲ.

ಪೀರನವಾಡಿ ದಾಟುವ ತನಕ ಹೇಗೋ ಹೋದೆವು. ಆಮೇಲೆ ಮಳೆ ಗಾಜಿಗೆ ಬಂದು ಅಪ್ಪಳಿಸಿತು. ವೈಪರು ಎರಡು ಸಲ ಅತ್ತ ಇತ್ತ ಆಡಿ ನಡುವೆ ನಿಂತುಬಿಟ್ಟಿತು. ಅವರು ಇಳಿದು, ಕಾರಿಗೂ ಮಳೆಗೂ ಕೂಡಿಸಿ ಬೈಯುತ್ತ ಗಾಜಿಗೆ ತಂಬಾಕು ತಿಕ್ಕಿ ಬಂದು ಕೂತರು. ನೀರು ಜಾರತೊಡಗಿತು, ರಸ್ತೆ ನನಗೆ ನಿಚ್ಚಳವಾಗಿ ಕಂಡಿತು. ಕಂಡದ್ದೇನು? ರಸ್ತೆಯ ತುಂಬ ಎಮ್ಮೆಗಳು, ಅವುಗಳ ಹಿಂದೆ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕಿ. ಮಾವ ವೇಗ ಇಳಿಸಲೇ ಇಲ್ಲ. ನೆಟ್ಟಗೆ ಹೊರಟಿದ್ದರು.

"ಎಮ್ಮಿ! ಮಾವಾರ, ಎಮ್ಮಿ!" ಎಂದು ಕೂಗಿದೆ. ಬ್ರೇಕು ಚೀರಿತು, ಕಾರು ಅಡ್ಡ ಜಾರಿ ರಸ್ತೆಯ ಬದಿಯ ಕೆಸರಿಗೆ ಮೂತಿ ಹಾಕಿ ನಿಂತಿತು. ಮಾವ ಕಿಟಕಿಯಿಂದ ತಲೆ ಹಾಕಿ, "ಕಣ್ಣ ಕಾಣಂಗಿಲ್ಲೇನ ನಿನಗ?" ಎಂದು ಅಬ್ಬರಿಸಿದರು.

ಮುದುಕಿ ಹೆದರಲಿಲ್ಲ. ಹತ್ತಿರ ಬಂದು ಮರಾಠಿ ಕನ್ನಡ ಎರಡೂ ಕೂಡಿಸಿ, "ಅಹೋ ಸಾವ್ಕಾರ, ನನ್ನ ಎಮ್ಮಿ ಕರೀದ ಐತಿ ಖರೇ, ಆದ್ರ ಮನಿಯಷ್ಟ ದೊಡ್ಡದ ಐತಿ. ಅದೂ ಕಾಣಲಿಲ್ಲಂದ್ರ ಗಾಡಿ ಯಾಕ ಹೊಡೀತೀರಿ?" ಎಂದಳು.

ಮಾವ ತಲೆ ಒಳಗೆ ಎಳೆದುಕೊಂಡರು. ಎಮ್ಮೆಗಳು ದಾಟಿದವು.

"ಆಕಿ ಅಂದದ್ದ ಖರೇ ಐತಿ" ಎಂದರು. "ಬಿಸಲಾಗ ರೂಢಿ ಮ್ಯಾಲ ಮನಿಯಿಂದ ಗೋದಾಮಿಗೆ ಹೋಗಿ ಬರತೇನಿ. ಮಳಿ ಬಿತ್ತಂದ್ರ ಗಾಜಿನ ಆ ಕಡಿ ಬರೇ ಹಾಲ ಚೆಲ್ಲಿದಂಗ ಕಾಣತೈತಿ. ತಂಬಾಕ ತಿಕ್ಕಿದ್ರ ಕಾಣಬಹುದು ಅಂತ ಪ್ರತಿ ವರ್ಷಾ ಅನ್ಕೋತೇನಿ. ಕಾಣಂಗಿಲ್ಲ."

ಎಷ್ಟು ವರ್ಷದಿಂದ ಎಂದು ಕೇಳಿದೆ. ಅತ್ತೆ ಇದ್ದಾಗಿನಿಂದ. ಮಗನಿಗೆ ಯಾಕೆ ಹೇಳಲಿಲ್ಲ ಎಂದೆ. "ಯಾರಿಗೂ ಹೇಳಬ್ಯಾಡ. ಎಲಿ ಬಣ್ಣಾ ನೋಡಿ ದರ್ಜೆ ಹೇಳೂದ ನನ್ನ ಧಂದೆ. ಸಾವ್ಕಾರಗ ಕಣ್ಣಿಲ್ಲ ಅಂತ ಪ್ಯಾಟ್ಯಾಗ ಗೊತ್ತಾತಂದ್ರ ಮರದಿನಾ ನನ್ನ ಮಾತಿಗೆ ಕಿಮ್ಮತ್ ಇರಂಗಿಲ್ಲ. ಈಗ ಬಟ್ಟಿನಿಂದ ತಿಕ್ಕಿ, ಮೂಗಿನಿಂದ ಮೂಸಿ ನಡಸೇನಿ."

ಬೆರಳುಗಳು ಅಷ್ಟು ಕಂದಾಗಿದ್ದಕ್ಕೆ ಕಾರಣ ಗೊತ್ತಾಯಿತು. ನನಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. ಇಂಥದನ್ನು ಬಚ್ಚಿಟ್ಟು, ಜಿಪುಣ ಎನ್ನಿಸಿಕೊಂಡು, ಇಡೀ ಮನೆಯನ್ನು ಮಳೆಯಲ್ಲಿ ತೋಯಿಸಿದ ಮನುಷ್ಯನ ಮೇಲೆ ಸಿಟ್ಟು. ಒಂದೇ ಸೂರಿನಡಿ ಉಂಡು ಮಲಗಿ, ಅಪ್ಪ ತಾಟಿನ ರೊಟ್ಟಿಯನ್ನು ಕೈಯಿಂದ ತಡವಿ ಹುಡುಕುವುದನ್ನು ಗಮನಿಸದ ಮಗನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು.

"ಹಂಗಾರ ತಿರುಗಿಸ್ರಿ ಮನಿಗೆ" ಎಂದೆ.

"ನಿನ್ನ ಕೆಲಸಾ?"

"ಕೆಲಸಾ ಹಾಳಾಗಿ ಹೋಗ್ಲಿ."

"ಏ, ಹಂಗನಬ್ಯಾಡ. ನನ್ನ ಧಂದೆ ಉಳಸಾಕ ನಾ ಇಷ್ಟೆಲ್ಲಾ ಮಾಡೇನಿ. ನಿನ್ನದ್ಯಾಕ ಹೋಗಬೇಕ? ನೀ ನೋಡಿ ಹೇಳು, ನಾ ಹೊಡಿತೇನಿ" ಎಂದರು.

ನಾನು ಇಳಿದು ನೂಕಿ ಕಾರನ್ನು ಕೆಸರಿನಿಂದ ಬಿಡಿಸಿದೆ. ಹಾಗೆಯೇ ಖಾನಾಪುರದ ತನಕ ಹೋದೆವು, ಕಾಲ್ನಡಿಗೆಗಿಂತ ಸ್ವಲ್ಪ ಜೋರಾಗಿ. ಎಡಕ್ಕ ತೆಗ್ಗು ಐತ್ರಿ, ಎದುರಿಗೆ ಲಾರಿ ಬರಾಕತ್ತೈತ್ರಿ, ನಿಂದರ್ರಿ, ಈಗ ಹೋಗೂಣು ಎಂದು ನಾನು ರಸ್ತೆಯನ್ನು ಓದಿ ಹೇಳುವುದು, ಅವರು ಮಳೆಗೆ ಶಾಪ ಹಾಕುತ್ತ ಓಡಿಸುವುದು. ಎಂಥ ಹುಚ್ಚು ಸಾಹಸ ಎಂದು ಈಗ ಅನ್ನಿಸುತ್ತದೆ.

ತಡವಾಗಿತ್ತು. ಮಂಡಳಿಯವರು ಹೆಡ್‌ಮಾಸ್ತರರ ಕೋಣೆಯಲ್ಲಿ ಕುಳಿತಿದ್ದರು. ಹೆಡ್‌ಮಾಸ್ತರರು ನನ್ನ ಕೆಸರು ಮೆತ್ತಿದ ಸೀರೆ ನೋಡಿ ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದೆ ನೀರು ಸುರಿಸುತ್ತ ನಿಂತಿದ್ದ ಮಾವ ಮುಂದೆ ಬಂದರು. "ಆಕಿ ತಡಾ ಮಾಡಿಲ್ರೀ. ತಪ್ಪ ನಂದು. ಗಾಡಿ ಕೆಸರಾಗ ಇಳಿಸಿದಾಂವ ನಾನು. ಬೈಯೂದಿತ್ತಂದ್ರ ನನಗ ಬೈರಿ, ಆಕೀದ ಪಾಠ ಕೇಳ್ರಿ" ಎಂದರು. ಪೇಟೆಯಲ್ಲಾಗಲಿ ಮನೆಯಲ್ಲಾಗಲಿ ತಪ್ಪು ನನ್ನದು ಎಂದು ಅವರು ಯಾರಿಗೂ ಹೇಳಿದ್ದನ್ನು ಕೇಳಿದವರಿರಲಿಲ್ಲ. ಮಂಡಳಿಯವರು ಪಾಠ ಕೇಳಿದರು. ಕೆಲಸ ಕಾಯಂ ಆಯಿತು. ಅದೇ ಕೆಲಸದಿಂದ ನಾನು ಮುಂದೆ ನಿವೃತ್ತಳಾದೆ.

ಆ ದಸರೆಗೆ ಖಂಡೆಪೂಜೆ ಮುಗಿಸಿದವರೇ ಕೀಲಿಕೈಯನ್ನು ನನ್ನ ಮುಂದೆ ಹಿಡಿದರು. ನನ್ನ ಗಂಡ ಹೌಹಾರಿದರು. "ಕ್ಲಚ್ ತುಳದ ತುಳದ ಮೊಣಕಾಲ ನೋಯ್ತಾವ, ಇನ್ನ ಆಕಿ ಹೊಡೀಲಿ" ಎಂದರು ಮಾವ. ನನಗ್ಯಾಕೆ ಕಲಿಸುವುದಿಲ್ಲ ಎಂದು ಮಗ ಕೇಳಿದ್ದಕ್ಕೆ, "ನಿನಗ ಸ್ಕೂಟರ್ ಐತಲ್ಲ, ರೇನ್‌ಕೋಟ್ ಐತಲ್ಲ" ಎಂದರು. ಅಂದರೆ ರೇನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮಗ ನನಗೆ ಆಡಿದ ಮಾತನ್ನು ಅವತ್ತೇ ಕೇಳಿಸಿಕೊಂಡಿದ್ದರು.

ಕಲಿಸುವಾಗ ಅವರು ಬೈದ ಬೈಗುಳವನ್ನು ಬರೆಯಲಾರೆ. ಮಿಲಿಟರಿ ಕ್ಯಾಂಪಿನ ಖಾಲಿ ರಸ್ತೆಯಲ್ಲಿ ಸೀರೆ ಉಟ್ಟವಳೊಬ್ಬಳು ಕಾರು ಓಡಿಸುವುದನ್ನು ಜನ ಸೈಕಲ್ಲು ಇಳಿದು ನೋಡುತ್ತಿದ್ದರು. ಗೇರು ಕರಕರ ಎಂದರೆ ಸಾಕು, "ಅದ ಗೇರ್ ಐತಿ ಅಕ್ಕೋರ, ಬೀಸೂಕಲ್ಲ ಅಲ್ಲ!" ಎಂದು ಇಡೀ ಕ್ಯಾಂಪಿಗೆ ಕೇಳುವಂತೆ ಕೂಗುತ್ತಿದ್ದರು. ನಮ್ಮ ಕಡೆ ಶಾಲೆಯ ಮೇಡಮ್ಮುಗಳಿಗೆ ಅಕ್ಕೋರು ಎನ್ನುತ್ತಾರೆ. ಅವರ ಬಾಯಲ್ಲಿ ಅದು ಅರ್ಧ ಗೌರವ, ಅರ್ಧ ಚುಚ್ಚು. ನಾನೂ ತಿರುಗಿ ಕೂಗುತ್ತಿದ್ದೆ. ಸೊಸೆ ಮಾವನ ಮೇಲೆ ಕೂಗಲು ಜಾಗವಿದ್ದದ್ದು ಆ ಕಾರಿನೊಳಗೆ ಮಾತ್ರ.

ಆಮೇಲೆ ಕಾರು ಕಲ್ಲು ಏರಲಿಲ್ಲ. ಬಚ್ಚಲೊಲೆಯ ಕಟ್ಟೆಗೆ ನನ್ನ ಸೀರೆ ಬಂತು. ಮಳೆ ಜೋರಿದ್ದ ದಿನ ಅವರು ನನ್ನ ಜೊತೆ ಖಾನಾಪುರಕ್ಕೆ ಬಂದೇ ಬರುತ್ತಿದ್ದರು. ಶಾಲೆ ಬಿಡುವ ತನಕ ಪರಿಚಯದ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತ ಊರ ಜನರ ಜೊತೆ ಜಗಳ ಕಾಯುತ್ತಿದ್ದರು. ದಾರಿಯಲ್ಲಿ ವೈಪರು ನಿಂತರೆ ಇಳಿದು ತಂಬಾಕು ತಿಕ್ಕುವುದು ಅವರ ಕೆಲಸ. ಅದಕ್ಕೆ ಕಣ್ಣು ಬೇಕಿರಲಿಲ್ಲ. ನಾನು ಓಡಿಸುತ್ತ ರಸ್ತೆಯನ್ನು ಬಾಯಿಂದ ಹೇಳುತ್ತಲೇ ಇರಬೇಕು. ಹೇಳದಿದ್ದರೆ, "ಯಾಕ, ರಸ್ತೆ ಮುಗೀತೇನ?" ಎಂದು ಗದರುತ್ತಿದ್ದರು.

ಕಣ್ಣಿನ ಪೊರೆ ತೆಗೆಸಿಕೊಳ್ಳಿರಿ ಎಂದು ವರ್ಷಗಟ್ಟಲೆ ಹೇಳಿದೆ. ಮೊದಲು ಪೇಟೆಗೆ ಗೊತ್ತಾಗುತ್ತದೆ ಎಂದರು. ಎಂಬತ್ತರ ದಶಕದಲ್ಲಿ ಗೋದಾಮು ಮುಚ್ಚಿದ ಮೇಲೆ ಆ ನೆಪವೂ ಹೋಯಿತು. ಆಗ, "ಇನ್ನ ನೋಡೂದ ಏನೈತಿ? ನೀ ಹೇಳತೀಯಲ್ಲ" ಎಂದರು. ಈ ಒಂದು ಮಾತಿಗೆ ನಾನು ಅವರನ್ನು ಕ್ಷಮಿಸಿಲ್ಲ. ನನ್ನ ಮಗಳು ಹುಟ್ಟಿದಾಗ ಆ ಮೊಮ್ಮಗಳ ಮುಖವನ್ನು ಬೆರಳಿನಿಂದ ತಡವಿ ಯಾರ ಮೂಗು ಬಂದಿದೆ ಎಂದು ಹೇಳುತ್ತ ಕುಳಿತ ಹಟಮಾರಿ! ಯಾರಿಗೂ ಹೇಳಬ್ಯಾಡ ಎಂದ ಅವರ ಮಾತಿಗೆ ಕಟ್ಟುಬಿದ್ದು ನಾನೂ ಬಾಯಿ ಬಿಡಲಿಲ್ಲ. ಮಗ ಕೊನೆಗೂ ತಾನಾಗಿ ಕೇಳಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಒಂದು ಶ್ರಾವಣದ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿ ಇಬ್ಬರೂ ಖಾನಾಪುರದಿಂದ ಮರಳುತ್ತಿದ್ದೆವು. ಗಣೇಬೈಲು ದಾಟಿದ ಮೇಲೆ ಮಳೆ ದಪ್ಪವಾಯಿತು. ವೈಪರು ನಿಂತಿತು. ಕಾರನ್ನು ಬದಿಗೆ ಹಾಕಿ, ಅವರು ಇಳಿಯಲಿ ಎಂದು ಕಾದೆ. ತಲೆಯನ್ನು ಕಿಟಕಿಗೆ ಆನಿಸಿದ್ದರು, ನಿದ್ದೆ ಹತ್ತಿರಬೇಕು ಎಂದುಕೊಂಡೆ. "ಮಾವಾರ, ತಂಬಾಕ" ಎಂದೆ. ಏಳಲಿಲ್ಲ. ಇನ್ನೊಮ್ಮೆ ಕರೆದೆ. ಅವರ ಭುಜ ಅಲುಗಿಸಲು ಧೈರ್ಯವಾಗಲಿಲ್ಲ. ಬೇಕೆಂದೇ ಕ್ಲಚ್ಚು ಅರ್ಧ ತುಳಿದು ಗೇರು ಎಳೆದೆ. ಇಡೀ ಕಾರು ನಡುಗುವಂತೆ ಕರಕರ ಎಂದಿತು.

ಅವರು ಬೈಯಲಿಲ್ಲ.

ಕೈ ಮುಟ್ಟಿ ನೋಡಿದೆ. ಕಿಸೆಯಿಂದ ಚೀಲ ತೆಗೆದುಕೊಂಡು ಇಳಿದೆ. ಕಾರಿಗೆ ಬೈದೆ, ಮಳೆಗೆ ಬೈದೆ, ಅವರು ಬೈಯುತ್ತಿದ್ದ ಮಾತುಗಳಲ್ಲೇ ಬೈಯುತ್ತ ಗಾಜಿನ ತುಂಬ ತಂಬಾಕು ತಿಕ್ಕಿದೆ. ರಸ್ತೆ ನಿಚ್ಚಳವಾಯಿತು. ಬೆಳಗಾವಿಯ ದವಾಖಾನೆಯ ಕಡೆಗೆ ಕಾರು ಓಡಿಸಿದೆ, ಅಲ್ಲಿ ಏನು ಹೇಳುತ್ತಾರೆ ಎಂಬುದು ಗೊತ್ತಿದ್ದೂ. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಎಡಕ್ಕ ತೆಗ್ಗು ಐತ್ರಿ, ತಪ್ಪಿಸೇನಿ. ದೇಸೂರ ಬಂತ್ರಿ. ಎದುರಿಗೆ ಲಾರಿ ಐತಿ, ನಿಂತೇನಿ. ಮಚ್ಛೆ ದಾಟಿದಿವ್ರಿ. ಮಾವಾರ, ಪೀರನವಾಡಿ ಬಂತು, ರಸ್ತೆದಾಗ ಎಮ್ಮಿ ಅದಾವ, ನನಗ ಕಾಣತಾವ, ನೀವು ಸುಮ್ಮ ಕುಂದರ್ರಿ.