ಸುಳ್ಳು ಪಾಳಿ

ಇಲ್ಲ, ಕಾಲುವೆಯ ಕಡೆ ಓಡಿದ ಬೈಕುಗಳ ಸದ್ದು ಮೊದಲು ಕೇಳಿಸಿತು ಎನ್ನುವುದನ್ನು ಬಹುಶಃ ನಾನೇ ಆಮೇಲೆ ಜೋಡಿಸಿಕೊಂಡೆ. ಮೊದಲು ಬಂದದ್ದು ಫೋನ್ ಇರಬೇಕು. ಸಂಘದ ಕಾರ್ಯದರ್ಶಿ ಫೋನನ್ನು ಕಿವಿಯಿಂದ ಇಳಿಸಿ ನೇರ ನನ್ನ ವಿದ್ಯಾರ್ಥಿನಿಯ ಮುಖ ನೋಡಿದ್ದು ಮಾತ್ರ ಖಚಿತ. ಅದನ್ನೂ ಖಚಿತ ಎಂದು ಬರೆಯುವಾಗ ಕೈ ತಡೆಯುತ್ತದೆ.

ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಸೈಬರ್ ಸುರಕ್ಷತೆ ಕಲಿಸುತ್ತೇನೆ. ಕಂಪನಿಯವರು ನಮ್ಮ ಮಕ್ಕಳ ಅಂಕಪಟ್ಟಿ ನೋಡಿ, ಕೆಲಸ ಮಾಡಿದ ಅನುಭವ ಎಲ್ಲಿದೆ ಎಂದು ಕೇಳುತ್ತಿದ್ದರು. ಅದಕ್ಕೇ ಒಂದು ಏರ್ಪಾಡು ಮಾಡಿದೆವು. ಸುತ್ತಲಿನ ಊರುಗಳ ಸಂಘಗಳ ಕಂಪ್ಯೂಟರು, ಫೋನುಗಳು ಎಷ್ಟು ಭದ್ರವಾಗಿವೆ ಎಂದು ವಿದ್ಯಾರ್ಥಿಗಳು ಪರೀಕ್ಷಿಸಬೇಕು; ಕೆಲಸ ಕೊಡುವವರು ಪಕ್ಕದಲ್ಲಿ ಕೂತು ನೋಡಬೇಕು.

ಆ ದಿನ ನಾವು ಹೋಗಿದ್ದು ಹುಕ್ಕೇರಿ ತಾಲೂಕಿನ, ಹಿಡಕಲ್ ಕಡೆಯ ಒಂದು ಊರಿಗೆ. ಅಲ್ಲಿ ಕಾಲುವೆ ನೀರು ಬಳಸುವ ರೈತರ ಸಂಘವಿದೆ. ನೋಡಲು ಬಂದವರು ಬೆಳಗಾವಿಯ ಒಂದು ಸಣ್ಣ ಕಂಪನಿಯ ಮಾಲೀಕರು. ನಾನು ಕರೆದುಕೊಂಡು ಹೋಗಿದ್ದ ಇಬ್ಬರಲ್ಲಿ ಒಬ್ಬರಿಗೆ ಕೆಲಸ ಕೊಡುತ್ತೇನೆ ಎಂದಿದ್ದರು. ಒಬ್ಬಳು ಮೂಡಲಗಿಯ ಹುಡುಗಿ, ಇನ್ನೊಬ್ಬ ಅವಳ ತರಗತಿಯ, ಹೆಚ್ಚು ಮಾತಾಡದ ಹುಡುಗ. ಅವಳ ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. ಕೆಲಸ ಸಿಕ್ಕರೆ ಮುಂದೂಡೋಣ ಎಂದು ಅಪ್ಪ ಒಪ್ಪಿದ್ದರು. ಬಸ್ಸಿನಲ್ಲಿ ಬರುವಾಗ ಅವಳು ಇದನ್ನು ನಗುನಗುತ್ತಲೇ ಹೇಳಿದಳು. ಆದರೆ ಹೇಳುವಾಗ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದಿದ್ದಳು.

ಬೆಳಿಗ್ಗೆ ಸಂಘದ ಅಂಗಳದಲ್ಲಿ ರೈತರಿಗೆ ಪಾಠವಾಯಿತು: ಗುರುತಿಲ್ಲದವರ ಸಂದೇಶ ನಂಬಬೇಡಿ, ಲಿಂಕ್ ಒತ್ತಬೇಡಿ. ರೈತರು ಹೋದ ಮೇಲೆ ಕಾರ್ಯದರ್ಶಿಯ ಒಪ್ಪಿಗೆ ಪಡೆದು, ಸಂಘದ ಸಿಬ್ಬಂದಿಯ ಫೋನುಗಳಿಗೆ ಮಾತ್ರ ಒಂದು ಸುಳ್ಳು ಸಂದೇಶ ಕಳಿಸಿದೆವು. 'ನೀರಿನ ಪಾಳಿ ಬದಲಾಗಿದೆ. ಇಂದು ಕೆಳಗಿನ ಹೊಲಗಳಿಗೆ. ಪೂರ್ತಿ ವಿವರಕ್ಕೆ ಇಲ್ಲಿ ಒತ್ತಿ.' ಒತ್ತಿದರೆ, ಇದು ಪರೀಕ್ಷೆ, ಎಚ್ಚರವಾಗಿರಿ ಎಂಬ ಪುಟ ತೆರೆಯುತ್ತದೆ. ಆ ಸಾಲುಗಳನ್ನು ಬರೆದವಳು ಅವಳೇ. ಮಾಲೀಕರು ಓದಿ ತಲೆದೂಗಿದರು.

ಆ ಸಿಬ್ಬಂದಿಯಲ್ಲೊಬ್ಬ, ಕಾಲುವೆಯ ಗೇಟು ನೋಡಿಕೊಳ್ಳುವವನು, ಲಿಂಕ್ ಒತ್ತಲಿಲ್ಲ. ನಮ್ಮ ಪಾಠದ ಪ್ರಕಾರ ಅವನು ಪಾಸು. ಆದರೆ ಪಾಳಿಯ ಸುದ್ದಿಯನ್ನು ಒಬ್ಬನೇ ಇಟ್ಟುಕೊಳ್ಳುವುದು ಆ ಊರಿನಲ್ಲಿ ಕಳ್ಳತನಕ್ಕೆ ಸಮ. ಹಿಂದೆ ಹೊಲದಿಂದ ಹೊಲಕ್ಕೆ ಕೂಗಿ ಹೇಳುತ್ತಿದ್ದರಂತೆ. ಈಗ ಊರಿನ ಗ್ರೂಪಿಗೆ ಧ್ವನಿ ಕಳಿಸುತ್ತಾರೆ. ಅವನೂ ಕಳಿಸಿದ್ದ. "ಕೇಳ್ರೆಪಾ, ಪಾಳಿ ಬದಲಾಗೇತಿ. ಇವತ್ತ ಕೆಳಗಿನ ಹೊಲದವ್ರದು. ಆಮ್ಯಾಲ ನನಗ ಹೇಳಲಿಲ್ಲ ಅನ್ನಬ್ಯಾಡ್ರಿ."

ಕಾರ್ಯದರ್ಶಿಗೆ ಫೋನ್ ಬಂದದ್ದು ಇದರಿಂದಲೇ. ಕೆಳಗಿನ ಹೊಲದವರು ಸಲಿಕೆ ಹಿಡಿದು ಗೇಟಿನ ಹತ್ತಿರ ಸೇರಿದ್ದಾರೆ, ಮೇಲಿನ ಹೊಲಕ್ಕೆ ಹರಿಯುತ್ತಿರುವ ನೀರನ್ನು ಕಟ್ಟಲು ಹೊರಟಿದ್ದಾರೆ.

"ಸುದ್ದಿ ಸುಳ್ಳ ಐತಿ ಅಂತ ನೀವ ಗ್ರೂಪಿಗೆ ಹಾಕ್ರಿ ಕಾಕಾ," ಎಂದಳು ಅವಳು.

"ನನ್ನ ಹೊಲಾ ಮ್ಯಾಲ ಐತಿ ತಂಗಿ. ನಾ ಹೇಳಿದ್ರ ಯಾರ ನಂಬ್ತಾರ? ನೀ ಬರದಿದ್ದು, ನೀನ ಹೇಳು."

ಅವರ ಫೋನಿನಿಂದಲೇ ಅವಳು ಮಾತಾಡಿ ಕಳಿಸಿದಳು. "ನಾನು ಕಾಲೇಜಿನಾಕಿ ಅದೀನ್ರಿ. ಪಾಳಿ ಬದಲಾಗಿಲ್ಲ. ಪರೀಕ್ಷಾ ಮಾಡಾಕ ನಾವ ಕಳಿಸಿದ್ದು." ಉತ್ತರವಾಗಿ ಒಂದು ಗಂಡು ದನಿ ಬಂತು. "ಯಾವದೋ ಹೆಣ್ಮಗಳ ದನಿ ಐತಿ. ಗುರುತಿಲ್ಲದವ್ರನ್ನ ನಂಬಬ್ಯಾಡ್ರಿ ಅಂತ ಮುಂಜಾನೆನ ಹೇಳ್ಯಾರ. ಇದ ಫೇಕ್ ನೋಡ್ರಿ."

ಅವಳು ಎದ್ದಳು.

"ಕೆಲಸಾ ನಡುವ ಬಿಟ್ಟು ಏಳಬಾರ್ದು," ಎಂದರು ಮಾಲೀಕರು. "ಸುದ್ದಿ ಹೆಂಗ ಹಬ್ಬಾಕತ್ತೇತಿ, ಅದನ್ನ ಕುಂತು ಬರೀಬೇಕು." ಗಟ್ಟಿಯಾಗಿ ಹೇಳಿದರೋ, ತಮ್ಮಷ್ಟಕ್ಕೆ ಅಂದುಕೊಂಡರೋ. ನನಗೆ ಕೇಳಿಸಿತು. ಅವಳಿಗೆ ಕೇಳಿಸಿತೇ ಎಂದು ನಾನು ಇದುವರೆಗೆ ವಿಚಾರಿಸಿಲ್ಲ. ಹುಡುಗ ಪರದೆಯಿಂದ ತಲೆ ಎತ್ತಲಿಲ್ಲ.

ಕಾರ್ಯದರ್ಶಿಯ ಬೈಕನ್ನು ಅವಳೇ ಓಡಿಸಿದಳು, ನಾನು ಹಿಂದೆ ಕೂತೆ. ಗೇಟಿನ ಹತ್ತಿರ ಆಗಲೇ ಕಾಲುವೆಗೆ ಮಣ್ಣು ಬೀಳುತ್ತಿತ್ತು. ಮೇಲಿನ ಹೊಲದ ಹೆಂಗಸೊಬ್ಬಳು ಸೀರೆ ಎತ್ತಿ ಕಟ್ಟಿ ನೀರಿನೊಳಗೆ ನಿಂತುಬಿಟ್ಟಿದ್ದಳು. "ನನ್ನ ಕಾಲ ಮ್ಯಾಲ ಹಾಕ್ರಿ ಮಣ್ಣ. ಹಾಕ್ರಿ, ನೋಡತೇನಿ." ಎದುರಿಗೆ, ಕೆಳಗಿನ ಹೊಲದವರ ಜೊತೆ, ಅವಳ ಮೈದುನ. ಸಲಿಕೆ ಅವನ ಕೈಯಲ್ಲಿ ಎತ್ತಿದಂತೆಯೇ ಇತ್ತು.

ಹುಡುಗಿ ಚಪ್ಪಲಿ ಸಮೇತ ನೀರಿಗಿಳಿದು ಆ ಹೆಂಗಸಿನ ಪಕ್ಕ ನಿಂತಳು. "ಸುಳ್ಳ ಬರದಾಕಿ ನಾನ ಅದೀನ್ರಿ."

"ಯಾವ ಊರು?"

"ಮೂಡಲಗಿ."

"ನೋಡ್ರಿ, ಹೊಳಿ ಕೆಳಗಿನವ್ರು ಬಂದು ನಮ್ಮ ಪಾಳಿ ತಿದ್ದಾಕತ್ತಾರ," ಎಂದು ದಂಡೆಯ ಮೇಲಿದ್ದ ಒಬ್ಬ ಹೇಳಿದ. ಮೂಡಲಗಿ ಇರುವುದು ಹಿಡಕಲ್ಲಿನ ನೀರು ಹರಿದು ಹೋಗುವ ಕೆಳಗಿನ ಕಡೆ. ಕೆಲವರು ನಕ್ಕರು, ನಗದವರೇ ಹೆಚ್ಚು. ಅವಳು ತನ್ನ ಫೋನ್ ತೆಗೆದು, ತಾನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಆ ಸಾಲುಗಳನ್ನು ಒಂದೊಂದಾಗಿ ಓದಿದಳು. ಮೈದುನ ಕೇಳಿಸಿಕೊಂಡ. "ಇನ್ನೊಮ್ಮೆ ಓದು," ಎಂದ. ಓದಿದಳು. ಅವನು ಸಲಿಕೆಯನ್ನು ದಂಡೆಯ ಮೇಲೆ ಒಗೆದು, ಯಾರಿಗೋ ಬೈಯುತ್ತ ಹೋದ. ಬೈದದ್ದು ಅವಳಿಗೋ, ನನಗೋ, ಗೇಟಿನವನಿಗೋ.

ನಾವು ಮರಳಿದಾಗ ಮಾಲೀಕರು ಹುಡುಗನ ಪಕ್ಕ ಕೂತು, ಸುದ್ದಿ ಯಾರಿಂದ ಯಾರಿಗೆ ಹೋಯಿತು ಎಂದು ಅವನು ಬರೆದಿಟ್ಟದ್ದನ್ನು ಓದುತ್ತಿದ್ದರು. ಕೆಲವು ದಿನಗಳ ಮೇಲೆ ಕೆಲಸ ಅವನಿಗೆ ಆಯಿತು.

ಅವಳು ಕಾಲೇಜಿಗೆ ಬಂದು ನನ್ನ ಮೇಜಿನೆದುರು ನಿಂತಳು. "ನಾ ಹೋಗಬಾರದಿತ್ತೇನ್ರಿ ಮೇಡಂ?"

"ಹೋಗಬೇಕಿತ್ತು."

"ಹಂಗಾರ ಮದುವಿಗಿ ಬರ್ರಿ," ಎಂದಳು.

ಮಾಲೀಕರಿಗೆ ಫೋನ್ ಮಾಡಿ ಕೇಳಿದೆ. "ಹುಡುಗ ಚಲೋ ಬರದಾನ್ರಿ," ಎಂದಷ್ಟೇ ಹೇಳಿದರು. ಎದ್ದು ಹೋದದ್ದಕ್ಕೆ ಅವಳಿಗೆ ಕೆಲಸ ತಪ್ಪಿತೋ, ಆ ಸಂದೇಶ ಎಲ್ಲಿಗೆ ಮುಟ್ಟೀತೆಂದು ಮೊದಲೇ ಯೋಚಿಸದೆ ಇದ್ದುದಕ್ಕೋ, ಅಥವಾ ಹುಡುಗ ನಿಜವಾಗಿಯೂ ಅವಳಿಗಿಂತ ಚೆನ್ನಾಗಿ ಕೆಲಸ ಮಾಡಿದ್ದನೋ, ನನಗೆ ಗೊತ್ತಿಲ್ಲ.