ಬೆಳಗಾವಿ ಬಸ್ಸಿನ ಲಗಮಣ್ಣ
ಯರಗಟ್ಟಿ ಪೇಟೆಯಲ್ಲಿ ಯಾರಾದರೂ ಒಂದು ಕಣ್ಣು ಮುಚ್ಚಿಕೊಂಡು ನಡೆದರೆ ಸಾಕು, ಹಮಾಲ ಲಗಮಣ್ಣ ಹೊತ್ತ ಜೋಳದ ಚೀಲವನ್ನು ನನ್ನ ಅಂಗಡಿಯ ಕಟ್ಟೆಗೆ ಒಗೆದು ಅವರ ಬೆನ್ನು ಹತ್ತುತ್ತಾನೆ. “ತಿಕ್ಕಬ್ಯಾಡ್ರಿ, ಕಣ್ಣಾಗ ಏನೂ ಬಿಡಬ್ಯಾಡ್ರಿ, ದೊಡ್ಡ ದವಾಖಾನಿಗೆ ಬೆಳಗಾವಿ ಬಸ್ ಹತ್ತರಿ,” ಇದು ಅವನ ಮಂತ್ರ. ಉಳ್ಳಾಗಡ್ಡಿ ಹೆಚ್ಚಿ ಕಣ್ಣೀರು ತಂದುಕೊಂಡ ಖಾನಾವಳಿಯ ಸುಂದರವ್ವನನ್ನೂ ಅವನು ಬಿಟ್ಟಿಲ್ಲ. “ಯಣ್ಣಾ, ಸಾರು ಉಕ್ಕಾಕತ್ತೈತಿ, ಕೈ ಬಿಡೊ!” ಎಂದು ಅವಳು ಬೈದರೂ ಬಸ್ ಸ್ಟ್ಯಾಂಡಿನವರೆಗೆ ಎಳೆದೊಯ್ದ. ಕಿವಿಯಲ್ಲಿ ಹುಳ ಹೊಕ್ಕವನು, ದವಡೆ ಬಾತವನು, ಗಂಟಲಲ್ಲಿ ಮುನವಳ್ಳಿ ಮೀನಿನ ಮುಳ್ಳು ಸಿಕ್ಕವನು, ಎಲ್ಲರಿಗೂ ಅದೇ ಬಸ್ಸು. “ಡಾಕ್ಟರ್ ಸಾಹೇಬ್ರು ಬಂದ್ರು, ಮುಂದಿನ ಸೀಟ್ ಬಿಡ್ರೆಪಾ,” ಎಂದು ಕಂಡಕ್ಟರ್ ನಗುತ್ತಾನೆ. ನಾವು ವ್ಯಾಪಾರಸ್ಥರೂ ನಗುತ್ತೇವೆ. ನಾನು ತುಸು ಕಡಿಮೆ. ಎಪ್ಪತ್ತೈದನೇ ಇಸವಿಯ ಸುಗ್ಗಿಯಲ್ಲಿ ನನ್ನ ಕಣದಲ್ಲಿ ಜೋಳ ತೂರುವಾಗ ಅವನ ಹೆಂಡತಿ ತಾಯವ್ವನ ಕಣ್ಣಿಗೆ ರವದಿಯ ಒಣ ಹೊಟ್ಟಿನ ಚೂರು ಚುಚ್ಚಿತ್ತು. ರಾಶಿಪೂಜೆ ಆಗುವವರೆಗೆ ಕೆಲಸದ ಹೆಣ್ಣುಮಕ್ಕಳು ಕಣ ಬಿಟ್ಟು ಹೋಗಬಾರದೆಂಬುದು ನಮ್ಮ ಮನೆಯ ರೂಢಿ. “ನಾಕ್ ದಿನ ಔಡಲೆಣ್ಣಿ ಬಿಡೊ, ತಂಪಾಗತೈತಿ. ಬೆಳಗಾವಿ ಎಲ್ಲಿ ಓಡಿ ಹೋಗತೈತಿ?” ಎಂದು ಲಗಮಣ್ಣನಿಗೆ ಅಂಗಡಿಯಿಂದ ಎಣ್ಣೆಯನ್ನು ನಾನೇ ಕೊಟ್ಟಿದ್ದೆ. ಐದನೆಯ ದಿನ ರಾಶಿ ನನ್ನ ಮನೆಗೆ ಬಂತು. ಅಷ್ಟರಲ್ಲಿ ತಾಯವ್ವನ ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಮೊನ್ನೆ ಧೂಳು ಬಿದ್ದು ನಾನು ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಲಗಮಣ್ಣ ಚೀಲ ಒಗೆದು ಓಡಿ ಬಂದು ನನ್ನ ಕೈ ಹಿಡಿದ: “ತಿಕ್ಕಬ್ಯಾಡ್ರಿ ಸಾವುಕಾರ್ರ. ನಡ್ರಿ, ಬಸ್ ನಿಂತೈತಿ.”