ಬೀಬಿಜಾನ್ ಚಾಚಿಯ ಬಸವನಹುಳುಗಳು

ಬೀಬಿಜಾನ್ ಚಾಚಿ ಹುಬ್ಬಿನಿಂದಲೇ ಮನೆ ನಡೆಸಿದವಳು. ಒಂದು ಹುಬ್ಬು ಏರಿತೆಂದರೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದರ್ಥ. ಎರಡೂ ಏರಿದರೆ, ಬಂದವರಿಗೆ ಇನ್ನೂ ಚಹಾ ಕೊಟ್ಟಿಲ್ಲ ಎಂದು. ಮಾಳಿಗೆಯ ಮೆಟ್ಟಿಲಿಂದ ಬಿದ್ದ ಮೇಲೆ ಅವಳಿಗೆ ಕುತ್ತಿಗೆಯ ಕೆಳಗೆ ಏನೂ ಆಡುತ್ತಿರಲಿಲ್ಲ. ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆ ಅವರದು. ಗಂಡ ಖಾದರ್ ಚಾಚಾನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ನೂಲಿನ ಅಂಗಡಿ. ಹೆಂಡತಿಯ ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಲು ಹಗಲು ಅಂಗಡಿ ಬಿಟ್ಟು ಓಡಿ ಬರುತ್ತಿದ್ದ, ರಾತ್ರಿ ನಿದ್ದೆ ಬಿಟ್ಟು ಏಳುತ್ತಿದ್ದ.

ಚಾಚಿ ಕಾರವಾರದ ಮಗಳು. "ಜಂತಿ ನೋಡಿ ನೋಡಿ ಸಾಕಾತ್ರಿ. ಒಮ್ಮಿ ಸಮುದ್ರ ತೋರಸ್ರಿ" ಎಂದಳು. ಅವಳನ್ನು ಅಷ್ಟು ದೂರ ಒಯ್ಯುವಂತಿರಲಿಲ್ಲ. ಚಾಚಾ ಹುಬ್ಬಳ್ಳಿಯಿಂದ ಗಾಜಿನ ತೊಟ್ಟಿ ತಂದು, ಪೊಟ್ಟಣದ ಸಮುದ್ರದುಪ್ಪು ಕಲಸಿ, ಜೀವಂತ ಹವಳ ಕೂಡಿಸಿ, ಮೀನು ಬಿಟ್ಟು, ಹಾಸಿಗೆಯ ಪಕ್ಕಕ್ಕೇ ಇಟ್ಟ.

"ನಮ್ಮ ಬೋರಿನ ನೀರ ಉಪ್ಪದಾವಲ್ರಿ ಚಾಚಿ, ಮತ್ತ್ಯಾಕ ಉಪ್ಪು?" ಎಂದೆ.

"ಆ ನೀರಾಗ ಬ್ಯಾಳಿನ ಬೇಯಂಗಿಲ್ಲ, ಹವಳ ಬದುಕತೈತೇನೋ ಹುಚ್ಚಪ್ಯಾಲಿ?"

ಗಾಜಿಗೆ ಪಾಚಿ ಕಟ್ಟಿತು. ಅದನ್ನು ತಿನ್ನಲೆಂದು ಮೀನಿನಂಗಡಿಯವನು ಸಮುದ್ರದ ಬಸವನಹುಳುಗಳನ್ನು ಕೊಟ್ಟ. ಗಾಜೇನೋ ಚೊಕ್ಕಟವಾಯಿತು. ಆದರೆ ಅವು ಮೇಲಿಂದ ಜಾರಿ ಉಸುಕಿನಲ್ಲಿ ಅಂಗಾತ ಬಿದ್ದರೆ ಹೊರಳಲಾರವು, ಬಿದ್ದಲ್ಲೇ ಸಾಯುವವು. ಚಾಚಿ ಕೂಗುತ್ತಿದ್ದಳು, ನಾನೋ ಚಾಚಾನೋ ಓಡಿ ಹೋಗಿ ನೆಟ್ಟಗೆ ಮಾಡುತ್ತಿದ್ದೆವು. ಒಂದು ಮಧ್ಯಾಹ್ನ ಇಬ್ಬರೂ ಇರಲಿಲ್ಲ. ನಾನು ಬಂದು ನೋಡಿದರೆ ಹುಳು ಸತ್ತಿತ್ತು, ಕೂಗಿ ಕೂಗಿ ಚಾಚಿಯ ದನಿ ಬಿದ್ದುಹೋಗಿತ್ತು.

ಅಂದು ಸಂಜೆ ಗಂಡನಿಗೆ ಹೇಳಿದಳು: "ನನ್ನ ಹೊಳ್ಳಸಿ ಹೊಳ್ಳಸಿ ನಿಮ್ಮ ರಟ್ಟಿ ಹೋಗ್ಯಾವ. ಇನ್ನ ಇವನ್ನೂ ಹೊಳ್ಳಸ್ಕೋತ ಕುಂದರ್ತೀರೇನು? ತಾವಾಗೇ ಏಳೂ ಹುಳ ಸಿಕ್ರ ತರ್ರಿ. ಇಲ್ಲಾಂದ್ರ ಈ ಸಮುದ್ರ ತಿರಗಿ ಕೊಟ್ಟ ಬರ್ರಿ."

ಹುಬ್ಬಳ್ಳಿಗೆ ನಾನೂ ಹೋದೆ. ಅಂಗಡಿಯವ ದಪ್ಪನೆಯದೊಂದನ್ನು ತೋರಿಸಿ, "ಇದು ಭಾಳ ತಿಂತೈತ್ರಿ" ಎಂದ. ಚಾಚಾ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಟಿನಲ್ಲಿ ಉಪ್ಪುನೀರು ಹಾಕಿಸಿ, ಒಂದೊಂದು ಜಾತಿಯನ್ನೂ ಅಂಗಾತ ಮಲಗಿಸಿ ಕಾದ.

"ಹುಳ ಒಯ್ಯಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?" ಅಂಗಡಿಯವ ನಕ್ಕ.

ಕೆಂಪು ಪಟ್ಟೆಯ, ಗೋಪುರದಂಥ ಚಿಪ್ಪಿನದೊಂದು ಮೆಲ್ಲಗೆ ಪಾದ ಹೊರಚಾಚಿ, ತಾಟನ್ನು ಕಚ್ಚಿ ಹಿಡಿದು, ಹೊರಳಿ ಎದ್ದಿತು. ಚಾಚಾ ಕಣ್ಣು ಒರೆಸಿಕೊಂಡು, "ಇವನ್ನ ಕೊಡಪಾ" ಎಂದ.

ಹಳೆಯವುಗಳಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನು ಮರಳಿ ಕೊಡುವ ಮಾತು ಬಂದಾಗ ಚಾಚಿಯ ಹುಬ್ಬು ಏರಿತು.

"ಅದೊಂದು ಇರ್ಲಿ."

"ಬಿದ್ರ ಏಳಾಕ ಬರಂಗಿಲ್ಲಲ ಅದಕ್ಕ?" ಚಾಚಾ ಕೇಳಿದ.

"ಗೊತ್ತೈತಿ. ಇರ್ಲಿ."

ಮುಂದಿನ ಚಳಿಗಾಲ ಚಾಚಿ ತೀರಿಕೊಂಡಳು. ನಲವತ್ತನೆಯ ದಿನದ ಫಾತೇಹಾಕ್ಕೆ ಹೋದಾಗ ಹಾಸಿಗೆಯನ್ನು ಸುತ್ತಿ ಗೋಡೆಗೆ ಇಟ್ಟಿದ್ದರು. ಚಾಚಾ ತೊಟ್ಟಿಯ ಮುಂದೆ ಕೂತಿದ್ದ.

"ರಾತ್ರಿ ಇನ್ನೂ ಹೊತ್ತಿಗಿ ಸರಿಯಾಗಿ ಎಚ್ಚರ ಆಕ್ಕೈತೋ. ಕೈ ಹುಡಕ್ತಾವ" ಎಂದ.

ಉಸುಕಿನಲ್ಲಿ ಆ ಹಳೆಯ ಹುಳು ಅಂಗಾತ ಬಿದ್ದಿತ್ತು. ನಾನು ಎದ್ದೆ.

"ನೀ ಬ್ಯಾಡ."

ಚಾಚಾ ಅಂಗಿಯ ತೋಳು ಮಡಚಿದ. ಚಾಚಿಯ ಬೆನ್ನಡಿ ಕೈ ಕೊಡುತ್ತಿದ್ದ ಹಾಗೆಯೇ ಅದರ ಅಡಿಗೆ ಬೆರಳು ಕೊಟ್ಟು, ಮೆಲ್ಲಗೆ ಹೊರಳಿಸಿದ.